ತಂತಿಗೆ ಪೋಣಿಸಿದ ಕಾಗದಗಳು

ಈಗಿನ ಮನೆಗಳಲ್ಲಿ ಹುಡುಕಿದರೂ ದೊರೆಯದ, ಆದರೆ ನನ್ನ ಬಾಲ್ಯದಲ್ಲಿ ಕರಾವಳಿಯ ಯಾವ ಮನೆಯ ಜಗಲಿಯಲ್ಲಿಯೂ ತಪ್ಪದೆ ಕಾಣುತ್ತಿದ್ದ ಒಂದು ವಸ್ತುವೆಂದರೆ, ತುದಿಯಲ್ಲಿ ಕೊಕ್ಕೆಯಂತೆ ಬಾಗಿ, ಬುಡದಲ್ಲಿ ಮರದ ಬಿಲ್ಲೆಯೊಂದನ್ನು ಆಧಾರವಾಗಿ ಪಡೆದು, ಗೋಡೆಯ ಮೊಳೆಗೆ ತೂಗುಬಿದ್ದಿರುತ್ತಿದ್ದ ಕಾಗದದ ತಂತಿ. ಬಂದ ಕಾಗದವನ್ನು ತಾನು ಓದಿ, ಓದಲು ಬಾರದವರಿಗೆ ಓದಿ ಹೇಳಿ, ಉತ್ತರ ಬರೆದಾದ ಮೇಲೆ ಅದನ್ನು ನಡುವಿನಲ್ಲಿ ಚುಚ್ಚಿ ಆ ತಂತಿಗೆ ಏರಿಸುವುದು ಮನೆಯ ಯಜಮಾನನ ಅಧಿಕಾರವೂ ಕರ್ತವ್ಯವೂ ಆಗಿತ್ತು. ನಮ್ಮ ಅಜ್ಜನ ತಂತಿಯಲ್ಲಿ ಉಳಿದ ಕಾಗದಗಳಲ್ಲಿ ಬಹುಪಾಲು ಮುಂಬಯಿಯ ಉಪನಗರವಾದ ಮಲಾಡಿನಿಂದ ಬಂದವು. ಅಲ್ಲಿನ ರೈಲು ನಿಲ್ದಾಣದ ಸಮೀಪದ ಹೋಟೆಲೊಂದರಲ್ಲಿ ಮೊದಲು ಮಾಣಿಯಾಗಿ, ಬಳಿಕ ಗಲ್ಲಾದಲ್ಲಿ ಕುಳಿತು ದುಡಿದ ನನ್ನ ದೊಡ್ಡಪ್ಪ ಬರೆದವು. ಪ್ರತಿಯೊಂದರ ಆರಂಭವೂ ತೀರ್ಥರೂಪ ತಂದೆಯವರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರ. ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’ವೆಂಬ, ಯುದ್ಧವಾಗಲಿ ಕ್ಷಾಮವಾಗಲಿ ಬದಲಿಸಲಾರದ, ನಮ್ಮ ಹಿರಿಯರ ಆ ಸ್ಥಿರವಾದ ಪಲ್ಲವಿ.

ತಂತಿಯೆಂಬ ಈ ಶಬ್ದಕ್ಕೆ ಆ ಕಾಲದಲ್ಲಿ ಎರಡು ಅರ್ಥಗಳಿದ್ದವು. ಎರಡನೆಯದನ್ನು ಕೇಳಿದ ಮಾತ್ರಕ್ಕೆ ಹೆಂಗಸರ ಕೈಕಾಲು ನಡುಗುತ್ತಿದ್ದವು. ‘ತಂತಿ ಬಂತು’ ಎಂದರೆ ಓದುವ ಮೊದಲೇ ಅಳುವಿನ ದನಿ ಏಳುತ್ತಿತ್ತು, ಏಕೆಂದರೆ ಸಾವಿನ ಸುದ್ದಿಯಲ್ಲದೆ ಬೇರೆ ಯಾವುದಕ್ಕೂ ಬಡವರು ತಂತಿಯ ಖರ್ಚನ್ನು ವಹಿಸುತ್ತಿರಲಿಲ್ಲ. ಹಾಗೆ ಬಂದ ತಂತಿಯೂ, ಮೂಲೆ ಹರಿದು ಬಂದ ಅಶುಭದ ಕಾರ್ಡೂ ಓದಿದೊಡನೆ ಹರಿದುಹೋಗಬೇಕಾದವು, ಮನೆಯೊಳಗೆ ಇರಿಸತಕ್ಕವಲ್ಲ. ಆದುದರಿಂದ ಗೋಡೆಯ ತಂತಿಯಲ್ಲಿ ಉಳಿದದ್ದು ಕ್ಷೇಮಸಮಾಚಾರ ಮಾತ್ರ. ಯುದ್ಧಕಾಲದ ಬದುಕನ್ನು ಕಾಗದಗಳ ಮೂಲಕ ತಿಳಿಯಹೊರಟವನು ಮೊದಲು ನೆನಪಿಡಬೇಕಾದದ್ದು ಇದನ್ನೇ: ಉಳಿದ ಕಾಗದಗಳಲ್ಲಿ ಎಲ್ಲರೂ ಕ್ಷೇಮವಾಗಿರುತ್ತಾರೆ, ಕ್ಷೇಮವಿಲ್ಲದವರ ಚರಿತ್ರೆಯನ್ನು ಒಂದು ಕಾಗದಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ, ಅಂಚೆಚೀಟಿಯ ಬಣ್ಣದಲ್ಲಿ, ಲಕೋಟೆಯ ಅಂಚಿಗೆ ಪರರು ಅಂಟಿಸಿದ ಪಟ್ಟಿಯಲ್ಲಿ ಓದಿಕೊಳ್ಳಬೇಕು.

ಅಂದಿನ ಮಲಾಡು ಮುಂಬಯಿಯಲ್ಲ. ಸಾಷ್ಟಿ ದ್ವೀಪದ ಈ ಊರು 1920ರಲ್ಲಿ ರಚಿತವಾದ ಉಪನಗರ ಜಿಲ್ಲೆಗೆ ಸೇರಿದ್ದು. ಚರ್ಚ್‌ಗೇಟಿನಿಂದ ಸುಮಾರು 18 ಮೈಲಿ ದೂರದಲ್ಲಿ, ತೆಂಗು ತಾಳೆಗಳ ನಡುವೆ, ಪೂರ್ವಕ್ಕೆ ಗುಡ್ಡವನ್ನೂ ಪಶ್ಚಿಮಕ್ಕೆ ಮಾರ್ವೆಯ ಕಡಲನ್ನೂ ಇಟ್ಟುಕೊಂಡು, ನಗರಕ್ಕೆ ಕಟ್ಟಡದ ಕಲ್ಲನ್ನು ಒದಗಿಸುತ್ತಿದ್ದ ಹಳ್ಳಿಗಳ ಗುಂಪು. ಮುಂಬಯಿಯ ದೊಡ್ಡ ವಸ್ತುಸಂಗ್ರಹಾಲಯದ ಗೋಡೆಯಲ್ಲಿ ಈಗಲೂ ಮಿರುಗುವ ಹಳದಿ ಛಾಯೆಯ ಶಿಲೆ ಇಲ್ಲಿಯದು. 1928ರಲ್ಲಿ ವಿದ್ಯುತ್ ರೈಲು ಬೋರಿವಲಿಯವರೆಗೂ ಬಂದಮೇಲೆ ಹಳ್ಳಿ ಉಪನಗರವಾಗತೊಡಗಿತು. ಆದರೂ ವಿಳಾಸದಲ್ಲಿ ಮುಂಬಯಿಯ ಹೆಸರಿಗೆ ಬದಲಾಗಿ ಬಿ. ಬಿ. ಎಂಡ್ ಸಿ. ಐ. ರೈಲ್ವೆಯ ಹೆಸರನ್ನೇ ಬರೆಯುವ ರೂಢಿ ನಮ್ಮ ಅಜ್ಜನಿಗೆ ಕೊನೆಯವರೆಗೂ ಉಳಿಯಿತು, ಮಗನನ್ನು ಕೊಂಡೊಯ್ದದ್ದು ಆ ರೈಲೇ ಎಂಬಂತೆ.

ಈ ಊರಿಗೆ ಲೋಕದ ಅಂಚೆಯನ್ನು ತಂದದ್ದು 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ದಂಪತಿಗಳು ಇಲ್ಲಿ ಸ್ಥಾಪಿಸಿದ ಬಾಂಬೆ ಟಾಕೀಸ್. ಚಿತ್ರನಿರ್ಮಾಣದ ವಿದ್ಯೆಯನ್ನು ಶಾಸ್ತ್ರೋಕ್ತವಾಗಿ ನಡೆಸಬೇಕೆಂಬ ಹಂಬಲದಿಂದ ಅವರು ಜರ್ಮನಿಯಿಂದ ನಿಪುಣರನ್ನು ಕರೆತಂದಿದ್ದರು: ನಿರ್ದೇಶಕ ಫ್ರಾಂಜ್ ಓಸ್ಟೆನ್, ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್, ಮತ್ತೆ ಕೆಲವರು. 1936ರ ‘ಅಛೂತ್ ಕನ್ಯಾ’ ಇವರ ಕೈಯ ಕೆಲಸ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದಾಗ ‘ಕಂಗನ್’ ಚಿತ್ರದ ಕೆಲಸ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಈ ಜರ್ಮನರೆಲ್ಲರೂ ಶತ್ರುರಾಷ್ಟ್ರದ ಪ್ರಜೆಗಳೆಂಬ ಕಾರಣದಿಂದ ಬಂಧನಕ್ಕೆ ಒಳಗಾದರು. ಯೂರೋಪಿನ ಯುದ್ಧ ಮಲಾಡಿಗೆ ಮುಟ್ಟಿದ ಮೊದಲ ಗಳಿಗೆ ಇದು: ಬಾಂಬು ಬೀಳಲಿಲ್ಲ, ಗುಂಡು ಹಾರಲಿಲ್ಲ, ಕ್ಯಾಮರಾದ ಹಿಂದೆ ನಿಂತಿದ್ದವನು ಮರುದಿನ ಇಲ್ಲವಾದ. ಎಂಟು ತಿಂಗಳಲ್ಲಿ, 1940ರ ಮೇ ತಿಂಗಳಲ್ಲಿ, ಹಿಮಾಂಶು ರಾಯ್ ತೀರಿಕೊಂಡರು. ವಯಸ್ಸಾಗಿದ್ದ ಓಸ್ಟೆನ್ ಬಿಡುಗಡೆ ಹೊಂದಿ ಸ್ವದೇಶಕ್ಕೆ ಮರಳಿದರು. ವಿರ್ಶಿಂಗ್ ಮಾತ್ರ ಒಂದು ಶಿಬಿರದಿಂದ ಇನ್ನೊಂದು ಶಿಬಿರಕ್ಕೆ ಸಾಗುತ್ತ ಯುದ್ಧದ ವರ್ಷಗಳನ್ನೆಲ್ಲ ಕಳೆದು, ಆಮೇಲೆ ಮಲಾಡಿಗೇ ಹಿಂತಿರುಗಿ, 1949ರ ‘ಮಹಲ್’ ಚಿತ್ರದಲ್ಲಿ ಆ ನೆರಳು ಬೆಳಕುಗಳ ಅದ್ಭುತವನ್ನು ಸೃಷ್ಟಿಸಿದರು. ಸೆರೆಯಿಂದ ಹೊರಬಂದವನು ತನ್ನನ್ನು ಸೆರೆಹಿಡಿದ ನಾಡನ್ನೇ ಮನೆಯಾಗಿ ಆರಿಸಿಕೊಂಡು 1967ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದನೆಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ತೋರುತ್ತದೆ.

ಶಿಬಿರವಾಸಿಗಳ ಕಾಗದಗಳಿಗೆ ಒಂದು ವಿಶೇಷವಿತ್ತು: ಅವುಗಳ ಮೇಲೆ ಅಂಚೆಚೀಟಿ ಇರುತ್ತಿರಲಿಲ್ಲ. ಯುದ್ಧಕೈದಿಗಳ, ನಿರ್ಬಂಧಿತರ ಪತ್ರಗಳಿಗೆ ಅಂಚೆವೆಚ್ಚವನ್ನು ವಿಧಿಸಬಾರದೆಂಬುದು ರಾಷ್ಟ್ರಗಳೆಲ್ಲ ಒಪ್ಪಿಕೊಂಡ ನಿಯಮ. ಅದಕ್ಕೆ ಪ್ರತಿಯಾಗಿ ಅವುಗಳ ಮೇಲೆ ಪರಿಶೋಧಕನ ಮುದ್ರೆಯಿರುತ್ತಿತ್ತು. ಶತ್ರುದೇಶದಲ್ಲಿ ಸಿಕ್ಕಿಕೊಂಡ ನಾಗರಿಕರಾದ ಬಂಧುಗಳಿಗಾದರೋ, ಜಿನೀವಾದ ರೆಡ್‌ಕ್ರಾಸ್ ಸಂಸ್ಥೆಯ ಮೂಲಕ ಅಚ್ಚುಹಾಕಿದ ನಮೂನೆಯಲ್ಲಿ ಹೆಚ್ಚೆಂದರೆ 25 ಪದಗಳ ಸಂದೇಶವನ್ನಷ್ಟೇ ಕಳಿಸಬಹುದಾಗಿತ್ತು. ಉತ್ತರವೂ ಅದರ ಬೆನ್ನಿಗೆ ಅಷ್ಟೇ ಪದಗಳಲ್ಲಿ. ತಾಯಿಯ ಸಾವನ್ನೂ ಮಗುವಿನ ಜನನವನ್ನೂ ಮನೆ ಸುಟ್ಟುಹೋದುದನ್ನೂ ಇಪ್ಪತ್ತೈದು ಪದಗಳಿಗೆ ಇಳಿಸಲು ಕುಳಿತ ಮನುಷ್ಯನ ಸಂಕಟವನ್ನು ಯಾವ ಕವಿಯೂ ಅನುಭವಿಸಿರಲಾರ. ದಕ್ಷಿಣ ಕನ್ನಡದವರಿಗೆ ಇಂಥ ದೃಶ್ಯ ತೀರ ಹೊಸದಾಗಿರಲಿಲ್ಲ. ಮಂಗಳೂರಿನಲ್ಲಿ ಕನ್ನಡದ ಅಚ್ಚುಕೂಟವನ್ನು ನಡೆಸಿ, 1894ರಲ್ಲಿ ಕಿಟ್ಟೆಲರ ನಿಘಂಟನ್ನು ಹೊರತಂದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಮೊದಲನೆಯ ಮಹಾಯುದ್ಧದಲ್ಲಿ ಹೀಗೆಯೇ ನಿರ್ಬಂಧಿಸಿದುದನ್ನು ಅಲ್ಲಿನ ಹಿರಿಯರು ಕಣ್ಣಾರೆ ಕಂಡಿದ್ದರು.

ಇನ್ನು ಅಂಚೆಚೀಟಿಗಳ ಮಾತು. ಆರನೆಯ ಜಾರ್ಜ್ ದೊರೆಯ ಕಾಲದಲ್ಲಿ, 1937ರ ಡಿಸೆಂಬರಿನಲ್ಲಿ, ನಾಸಿಕದ ಸರ್ಕಾರಿ ಮುದ್ರಣಾಲಯದಿಂದ ಹೊರಬಂದ ಒಂದು ಮಾಲಿಕೆ ಆ ಮುದ್ರಣಾಲಯದ ಕೀರ್ತಿಗೆ ಕಲಶವಿಟ್ಟಂತಿತ್ತು. ಎರಡಾಣೆಯ ಚೀಟಿಯಲ್ಲಿ ಅಂಚೆಯ ಹರಿಕಾರ, ಎರಡೂವರೆ ಆಣೆಯಲ್ಲಿ ಎತ್ತಿನ ಗಾಡಿ, ಮುಂದೆ ಟಾಂಗಾ, ಒಂಟೆ, ರೈಲು, ಹಡಗು, ಮೋಟಾರು, ಹನ್ನೆರಡಾಣೆಗೆ ವಿಮಾನ. ಕಾಗದವೊಂದು ಹಳ್ಳಿಯಿಂದ ಹೊರಟು ಕಡಲಾಚೆಗೆ ಮುಟ್ಟುವ ಪಯಣವೆಲ್ಲವೂ ಆ ಚಿತ್ರಗಳಲ್ಲಿ ಅಡಕವಾಗಿತ್ತು; ಹರಿಕಾರನ ಭರ್ಜಿಗೆ ಕಟ್ಟಿದ ಗೆಜ್ಜೆಯ ಸಪ್ಪಳ ಕಿವಿಗೆ ಬೀಳುವಂತಿತ್ತು. 1938ರಲ್ಲಿ ಬ್ರಿಟಿಷ್ ಸಾಮ್ರಾಜ್ಯದೊಳಗೆ ವಿಮಾನದಲ್ಲಿ ಕಾಗದ ಕಳಿಸಲು ಎರಡೂವರೆ ಆಣೆ ಸಾಕೆಂಬ ವ್ಯವಸ್ಥೆಯೂ ಬಂದಿತ್ತು. ಯುದ್ಧ ಇದೆಲ್ಲವನ್ನೂ ಒರಸಿಹಾಕಿತು. ಅಗ್ಗದ ವಿಮಾನದಂಚೆ 1939ರ ಸೆಪ್ಟೆಂಬರಿನಲ್ಲಿಯೇ ನಿಂತಿತು. 1940ರಲ್ಲಿ ವಿಮಾನದ ಚಿತ್ರವಿರುವ 14 ಆಣೆಯ ಚೀಟಿ ಹೊರಬಂತು. ಹೋಟೆಲಿನ ಮಾಣಿಗೆ ಅಷ್ಟು ಹಣ ಹಲವು ದಿನಗಳ ದುಡಿಮೆ. ಮುಂದಿನ ವರ್ಷಗಳಲ್ಲಿ ಕಾಗದದ ಮಿತವ್ಯಯಕ್ಕಾಗಿ ಚಿತ್ರಗಳನ್ನೆಲ್ಲ ಕೈಬಿಟ್ಟು, ಬರಿಯ ದೊರೆಯ ತಲೆಯುಳ್ಳ ಚಿಕ್ಕ ಚೀಟಿಗಳನ್ನು ಅಚ್ಚುಮಾಡಿದರು. ಹರಿಕಾರನೂ ಎತ್ತಿನ ಗಾಡಿಯೂ ಒಂಟೆಯೂ ಮಾಯವಾದವು. ಒಳನಾಡಿನ ಲಕೋಟೆಗೆ ಒಂದಾಣೆ ಇದ್ದದ್ದು 1940ರ ಕೊನೆಗೆ ಒಂದೂಕಾಲು ಆಣೆಯಾಯಿತು; ಬಳಿಕ ಒಂದೂವರೆಯಾಯಿತು. ದೊಡ್ಡಪ್ಪನ ಕಾಗದಗಳನ್ನು ತಂತಿಯಿಂದ ಒಂದೊಂದಾಗಿ ಇಳಿಸಿ ವರ್ಷಕ್ಕನುಗುಣವಾಗಿ ಜೋಡಿಸಿದಾಗ ಕಣ್ಣಿಗೆ ಬಿದ್ದುದು ಇದೇ: ಲಕೋಟೆಗಳು ಕಡಿಮೆಯಾಗಿ ಕಾರ್ಡುಗಳು ಹೆಚ್ಚುತ್ತವೆ, ಅಕ್ಷರಗಳು ಸಣ್ಣವಾಗುತ್ತವೆ, ವಿಳಾಸದ ಪಕ್ಕದ ಅಂಚಿನಲ್ಲಿಯೂ ಲಂಬವಾಗಿ ಎರಡು ಸಾಲು ಏರಿಬರುತ್ತವೆ. ಒಳನಾಡಿನ ಕಾಗದಕ್ಕೆ ಮಿತವ್ಯಯದ ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಂದ ಲಕೋಟೆಗಳ ಖಾಲಿ ಬೆನ್ನಿನ ಮೇಲೆ ಬರೆಯುವುದನ್ನು ಗಾಂಧೀಜಿ ಎಂದೋ ವ್ರತವಾಗಿ ಮಾಡಿಕೊಂಡಿದ್ದರು.

ಸೈನಿಕರ ಕಾಗದದ ಹಾದಿ ಬೇರೆ. ಭೂಮಧ್ಯ ಸಮುದ್ರದ ಮಾರ್ಗ ಅಪಾಯಕಾರಿಯಾಗಿ, ಹಡಗುಗಳು ಆಫ್ರಿಕವನ್ನು ಸುತ್ತಿ ಬರತೊಡಗಿದ ಮೇಲೆ ಕಾಗದ ತಿಂಗಳುಗಟ್ಟಲೆ ತಡವಾಗುತ್ತಿದ್ದುದರಿಂದ, 1941ರಲ್ಲಿ ಏರ್‌ಗ್ರಾಫ್ ಎಂಬ ಉಪಾಯವನ್ನು ಕಂಡುಕೊಂಡರು: ಸೈನಿಕನು ನಮೂನೆಯ ಮೇಲೆ ಬರೆದುದನ್ನು ಚಿಕ್ಕ ಫಿಲ್ಮಿಗೆ ಇಳಿಸಿ, ಆ ಫಿಲ್ಮನ್ನು ವಿಮಾನದಲ್ಲಿ ಕಳಿಸಿ, ಮುಟ್ಟಿದ ಕಡೆ ಪುನಃ ಕಾಗದದ ಮೇಲೆ ಮೂಡಿಸಿ ಹಂಚುವುದು. ಮಲಾಡಿನಲ್ಲಿ ನಟನಟಿಯರ ಮುಖಗಳನ್ನು ಹಿಡಿಯುತ್ತಿದ್ದ ವಿದ್ಯೆಯೇ ಬೇರೆಡೆ ಮಗನ ಹಸ್ತಾಕ್ಷರವನ್ನು ಹೊತ್ತು ಹಾರಿತು.

ಪರಿಶೋಧನೆಯ ಕತೆ ಇನ್ನೂ ದೊಡ್ಡದು. ಹೊರದೇಶದಿಂದ ಬಂದ ಲಕೋಟೆಯ ಪಕ್ಕವನ್ನು ಕತ್ತರಿಸಿ, ಓದಿ, ‘ಪರಿಶೋಧಕನು ತೆರೆದಿದ್ದಾನೆ’ ಎಂಬರ್ಥದ ಇಂಗ್ಲಿಷ್ ಪಟ್ಟಿಯನ್ನು ಅಂಟಿಸಿ ಮುಂದಕ್ಕೆ ಬಿಡುತ್ತಿದ್ದರು. ಗಂಡ ಹೆಂಡಿರ ನಡುವಿನ ಮಾತನ್ನು ಮೂರನೆಯವನು ಓದಿದ್ದಾನೆಂಬುದು ಆ ಪಟ್ಟಿಯಿಂದ ಇಬ್ಬರಿಗೂ ತಿಳಿಯುತ್ತಿತ್ತು. ಇದನ್ನು ಸಹಿಸಿಕೊಂಡೇ ಅವರು ಮುಂದಿನ ಕಾಗದವನ್ನು ಬರೆದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಿಂದ ಭಾರತೀಯ ಸಿಪಾಯಿಗಳು ಬರೆದ ಕಾಗದಗಳಿಂದ ಪರಿಶೋಧಕರು ಇಂಗ್ಲಿಷಿಗೆ ಭಾಷಾಂತರಿಸಿಕೊಂಡ ಭಾಗಗಳು ಲಂಡನ್ನಿನಲ್ಲಿ ಇಂದಿಗೂ ಭದ್ರವಾಗಿವೆ. ಮೂಲ ಕಾಗದಗಳು ಹಳ್ಳಿಗಳಿಗೆ ಮುಟ್ಟಿ, ಮಳೆಗೂ ಗೆದ್ದಲಿಗೂ ಆಹುತಿಯಾದವು. ಅನುಮಾನದಿಂದ ಮಾಡಿದ ಪ್ರತಿಯೇ ಉಳಿದು ಪ್ರೀತಿಯಿಂದ ಬರೆದ ಮೂಲ ಅಳಿದುದನ್ನು ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ. ಆದಾಗ್ಯೂ ಆ ಅನುಮಾನವಿಲ್ಲದಿದ್ದರೆ ನಮಗೆ ಅಷ್ಟೂ ದೊರೆಯುತ್ತಿರಲಿಲ್ಲ.

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರಿಗೆ ವಶವಾಯಿತು. ಅಲ್ಲಿದ್ದ ಭಾರತೀಯ ಸೈನಿಕರಲ್ಲಿ ಮೈಸೂರು ಸಂಸ್ಥಾನದ ಪದಾತಿದಳದವರೂ ಇದ್ದರು. ಅಂದಿನಿಂದ ಆ ಮನೆಗಳಿಗೆ ಅಂಚೆಯವನು ಬರುವುದೇ ನಿಂತುಹೋಯಿತು. ಸತ್ತನೆಂದು ತಿಳಿದರೆ ಶ್ರಾದ್ಧ ಮಾಡಬಹುದು, ಸೆರೆಯಲ್ಲಿರುವನೆಂದು ತಿಳಿದರೆ ಹರಕೆ ಹೊರಬಹುದು. ಯಾವುದೂ ತಿಳಿಯದ ಹೆಂಡತಿ ಕುಂಕುಮವಿಟ್ಟುಕೊಳ್ಳುವಾಗಲೆಲ್ಲ ಕೈ ತಡೆಯುತ್ತಿದ್ದಳು. ನಮ್ಮ ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ನಳದಮಯಂತಿಯರ ನಡುವೆ ಮಾತು ಹೊತ್ತು ಹಾರಿದ ಹಕ್ಕಿ. ಆ ಮೂರೂವರೆ ವರ್ಷ ಆ ಹಂಸ ಪೂರ್ವದಿಕ್ಕಿನಿಂದ ಬರಲಿಲ್ಲ. ಬಂದರೆ ರೆಡ್‌ಕ್ರಾಸಿನವರ ಕೈಗೆ ಸಿಕ್ಕಿದ ಒಂದೆರಡು ಸಾಲಿನ ಕಾರ್ಡು, ಅದೂ ವರ್ಷ ಹಳೆಯದಾಗಿ.

ಅದೇ ವರ್ಷ ಆಗಸ್ಟ್ 8ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ನಿರ್ಣಯವಾಗಿ, ಮುಂದಿನ ತಿಂಗಳುಗಳಲ್ಲಿ ದೇಶದಲ್ಲೆಲ್ಲ ನೂರಾರು ಅಂಚೆಕಚೇರಿಗಳು ಜನರ ಕ್ರೋಧಕ್ಕೆ ಗುರಿಯಾದವು. ಕೆಂಪು ಪೆಟ್ಟಿಗೆ ಸರ್ಕಾರದ ಕುರುಹು. ಅದರೊಳಗೆ ಬಿದ್ದಿರುವುದು ನೆರೆಮನೆಯವಳು ಮಗನಿಗೆ ಬರೆದ ಕಾಗದ. ಈ ಧರ್ಮಸಂಕಟಕ್ಕೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ. ಮಲಾಡಿನಲ್ಲಿಯೇ ತಯಾರಾಗಿ 1943ರಲ್ಲಿ ಬಿಡುಗಡೆಯಾದ ‘ಕಿಸ್ಮತ್’ ಚಿತ್ರದಲ್ಲಿ ಕವಿ ಪ್ರದೀಪರು ಪರಕೀಯರಿಗೆ ತೊಲಗಿರೆಂದು ಹೇಳುವ ಹಾಡೊಂದನ್ನು ಬರೆದು, ಅದರಲ್ಲಿ ಜರ್ಮನ್ ಜಪಾನರ ಹೆಸರನ್ನು ಸೇರಿಸಿ ಸರ್ಕಾರದ ಪರಿಶೋಧಕರ ಕಣ್ಣಿನಿಂದ ಪಾರುಮಾಡಿದರು. ಕೇಳಿದ ಜನಕ್ಕೆ ಅದು ಯಾರನ್ನು ಕುರಿತದ್ದೆಂದು ತಿಳಿಯದೆ ಇರಲಿಲ್ಲ. ಮೂರನೆಯವನು ಓದುವನೆಂದು ಗೊತ್ತಿದ್ದೂ ಆಡಬೇಕಾದುದನ್ನು ಆಡುವ ಆ ಜಾಣ್ಮೆಯನ್ನು ಅಂದಿನ ಕಾಗದ ಬರೆಯುವವರೆಲ್ಲ ಸ್ವಲ್ಪಮಟ್ಟಿಗೆ ಕಲಿತಿದ್ದರು.

1943ರ ಮೇ 2ರಿಂದ ಮುಂಬಯಿಯಲ್ಲಿ ಧಾನ್ಯದ ಪಡಿತರ ಜಾರಿಗೆ ಬಂತು. ಹೋಟೆಲಿನವರ ಕಷ್ಟ ಹೇಳತೀರದು. ಅಕ್ಕಿ, ಸಕ್ಕರೆ, ಸೀಮೆಎಣ್ಣೆಗಳ ಹೆಸರುಗಳು ಕಾಗದಗಳಲ್ಲಿ ದೇವರ ಹೆಸರಿನಂತೆ ಮತ್ತೆ ಮತ್ತೆ ಬರುತ್ತವೆ. ಮನಿಯಾರ್ಡರು ಮಾತ್ರ ತಪ್ಪಲಿಲ್ಲ. ಅದರ ಅಡಿಯಲ್ಲಿ ಹರಿದು ಕೊಡುವ ಚಿಕ್ಕ ಕೂಪನ್ನಿನಲ್ಲಿ ಬರೆಯಲು ಎರಡು ಬೆರಳಗಲ ಜಾಗ. ಅಜ್ಜಿ ಅದನ್ನು ತಂತಿಗೆ ಏರಿಸಗೊಡದೆ ಅರಿಶಿನದ ಡಬ್ಬಿಯಲ್ಲಿ ಕೂಡಿಟ್ಟಿದ್ದಳು.

ಮುಂಬಯಿಗೆ ಯುದ್ಧ ಸ್ವರೂಪತಃ ಕಾಣಿಸಿಕೊಂಡದ್ದು 1944ರ ಏಪ್ರಿಲ್ 14ರ ಅಪರಾಹ್ಣ. ಸುಮಾರು 1,400 ಟನ್ ಮದ್ದುಗುಂಡುಗಳನ್ನೂ, ಹತ್ತಿಯ ಮೂಟೆಗಳನ್ನೂ, ಬಂಗಾರದ ಗಟ್ಟಿಗಳನ್ನೂ ಹೊತ್ತು ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ಹತ್ತಿ, ನಾಲ್ಕು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಒಂದು, ಅರ್ಧ ಗಂಟೆಯೊಳಗೆ ಇನ್ನೊಂದು, ಹೀಗೆ ಎರಡು ಮಹಾಸ್ಫೋಟಗಳಾದವು. ದೂರದ ಸಿಮ್ಲಾದ ಭೂಕಂಪಮಾಪಕದಲ್ಲಿಯೂ ಅದರ ಅದುರು ದಾಖಲಾಯಿತು. ನೂರಾರು ಜನ ಮಡಿದರು. ಸಾವಿರಾರು ಜನ ನೆಲೆತಪ್ಪಿದರು. ಈ ಘೋರ ವೃತ್ತಾಂತವನ್ನು ಮರುದಿನವೇ ವಿವರವಾಗಿ ಸಾರಿದ್ದು ಜಪಾನೀಯರ ವಶದಲ್ಲಿದ್ದ ಸೈಗಾನ್ ರೇಡಿಯೋ. ಇಲ್ಲಿನ ಪತ್ರಿಕಾ ಪ್ರತಿನಿಧಿಗಳಿಗೆ ವರದಿ ಕಳಿಸಲು ಅನುಮತಿ ದೊರೆತದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಆ ನಾಲ್ಕು ವಾರಗಳಲ್ಲಿ ಊರಿನವರಿಗೆ ಸತ್ಯವಾಗಿ ಉಳಿದದ್ದು ಮುಕ್ಕಾಲಾಣೆಯ ಕಾರ್ಡು. ದೊಡ್ಡಪ್ಪನ ಅಂದಿನ ಕಾರ್ಡಿನಲ್ಲಿ ಸ್ಫೋಟದ ಮಾತೇ ಇಲ್ಲ. ‘ದೇವರ ದಯದಿಂದ ನಾನೂ ನಮ್ಮ ಹೋಟೆಲಿನವರೆಲ್ಲರೂ ಸುಕ್ಷೇಮ, ಯಾರು ಏನು ಹೇಳಿದರೂ ಅಮ್ಮನಿಗೆ ಹೆದರದಿರಲು ಹೇಳುವುದು’ ಎಂದಷ್ಟೇ ಇದೆ. ಆ ಕಾರ್ಡು ಊರಿಗೆ ಮುಟ್ಟುವವರೆಗಿನ ದಿನಗಳನ್ನು ಅಜ್ಜಿ ಹೇಗೆ ಕಳೆದಳೆಂಬುದನ್ನು ನನ್ನ ತಂದೆ ಹೇಳುತ್ತಿದ್ದರು: ದಣಪೆಯ ಬಳಿ, ಹರಿಕಾರನ ದಾರಿ ನೋಡುತ್ತ.

ಯುದ್ಧ ಮುಗಿಯಿತು. 1946ರ ಜನವರಿ 2ರಂದು ‘ವಿಜಯ’ದ ಹೆಸರಿನಲ್ಲಿ ನಾಲ್ಕು ಅಂಚೆಚೀಟಿಗಳು ಹೊರಟವು. ಯಾರ ವಿಜಯ? ಫೆಬ್ರವರಿ 18ರಂದು ಮುಂಬಯಿಯಲ್ಲಿ ನೌಕಾಪಡೆಯ ಭಾರತೀಯ ನಾವಿಕರು ದಂಗೆಯೆದ್ದರು. ಜುಲೈ 11ರಂದು ಅಂಚೆಯವರೇ ಮುಷ್ಕರ ಹೂಡಿದರು. ಬೆಲೆಗಳು ಏರಿ ಸಂಬಳ ಸಾಲದೆ, ಆರು ವರ್ಷಗಳ ಕಾಲ ಲೋಕದ ಸುಖದುಃಖಗಳನ್ನು ಹೊತ್ತು ತಿರುಗಿದ ಆ ಖಾಕಿ ಅಂಗಿಯವರು ಚೀಲವನ್ನು ಕೆಳಗಿಟ್ಟಾಗ, ಮುಂಬಯಿಯ ಕಾರ್ಮಿಕರು ಜುಲೈ 22ರಂದು ಅವರ ಬೆಂಬಲಕ್ಕೆ ತಾವೂ ಕೆಲಸ ನಿಲ್ಲಿಸಿದರು. ಯುದ್ಧವೂ ಪರಿಶೋಧಕರೂ ನಿಲ್ಲಿಸಲಾರದ ಅಂಚೆ ಶಾಂತಿಕಾಲದಲ್ಲಿ ನಿಂತಿತು. ನಮ್ಮ ಮನೆಯ ತಂತಿಯಲ್ಲಿ ಆ ಆಷಾಢದ ಕಾಗದಗಳಿಲ್ಲ. ಆದರೆ ಅಂಚೆಯವರ ಮೇಲೆ ಒಂದು ಕಟುನುಡಿಯೂ ಇಲ್ಲ. ಶ್ರಾವಣದಲ್ಲಿ ಬಂದ ಕಾಗದ ‘ಪಾಪ, ಅವರಿಗೂ ಹೊಟ್ಟೆಯಿದೆ’ ಎಂದು ಆರಂಭವಾಗುತ್ತದೆ.

ಸ್ವಾತಂತ್ರ್ಯದ ಅಂಚೆಚೀಟಿಗಳು ಬಂದ ಕ್ರಮದಲ್ಲಿ ಒಂದು ಔಚಿತ್ಯ ನನಗೆ ಕಾಣುತ್ತದೆ. 1947ರ ನವೆಂಬರ್ 21ರಂದು ಮೊದಲು ಹೊರಟದ್ದು ರಾಷ್ಟ್ರಧ್ವಜದ ಮೂರೂವರೆ ಆಣೆಯ ಚೀಟಿ, ವಿದೇಶಕ್ಕೆ ಹೋಗುವ ಕಾಗದದ ದರ ಅದು. ಡಿಸೆಂಬರ್ 15ರಂದು ಅಶೋಕನ ಸಿಂಹಗಳಿರುವ ಒಂದೂವರೆ ಆಣೆಯದು, ಮನೆಯೊಳಗಿನ ಕಾಗದಕ್ಕೆ. ‘ಜೈ ಹಿಂದ್’ ಎಂದು ಮೊದಲು ಲೋಕಕ್ಕೆ ಹೇಳಿ, ಆಮೇಲೆ ತಮ್ಮವರಿಗೆ ಹೇಳಿಕೊಂಡಂತೆ. ಈ ಮಧ್ಯೆ ಅದೇ ನಾಸಿಕದ ಮುದ್ರಣಾಲಯದಲ್ಲಿ ಅದೇ ದೊರೆಯ ಚೀಟಿಗಳ ಮೇಲೆ ‘ಪಾಕಿಸ್ತಾನ’ವೆಂಬ ಪದವನ್ನು ಅಡ್ಡವಾಗಿ ಅಚ್ಚೊತ್ತಿ, ಅಕ್ಟೋಬರ್ 1ರಿಂದ ಆ ಹೊಸ ದೇಶದಲ್ಲಿ ಬಳಕೆಗೆ ತಂದಿದ್ದರು. ಮಲಾಡಿನ ಸ್ಟುಡಿಯೋಕ್ಕೆ ಆಗ ಬರುತ್ತಿದ್ದ ಕಾಗದಗಳು ಬೇರೆ ಬಗೆಯವು. ಅಶೋಕ್ ಕುಮಾರ್ ಮತ್ತು ಸಾವಕ್ ವಾಚಾ ನಡೆಸುತ್ತಿದ್ದ ಬಾಂಬೆ ಟಾಕೀಸಿನಲ್ಲಿ ಮುಸಲ್ಮಾನರಿಗೆ ಕೆಲಸ ಕೊಟ್ಟಿರುವುದನ್ನು ಆಕ್ಷೇಪಿಸಿ, ಸ್ಟುಡಿಯೋವನ್ನು ಸುಟ್ಟುಬಿಡುವೆವೆಂದು ಬೆದರಿಸುವ ಹೆಸರಿಲ್ಲದ ಪತ್ರಗಳು ಬಂದುವೆಂದು ಅಲ್ಲಿಯೇ ಲೇಖಕರಾಗಿದ್ದ ಸಾದತ್ ಹಸನ್ ಮಂಟೋ ತಮ್ಮ ಸ್ಮರಣೆಯಲ್ಲಿ ಬರೆದಿದ್ದಾರೆ. ಒಡೆಯರು ಜಗ್ಗಲಿಲ್ಲ, ಆದರೆ ಗೆಳೆಯರಿಗೆ ತನ್ನಿಂದ ಕೇಡಾಗುವುದೆಂಬ ನೋವಿನಿಂದ ಮಂಟೋ 1948ರ ಜನವರಿಯಲ್ಲಿ ಹಡಗು ಹತ್ತಿದರು. ಕ್ಷೇಮವನ್ನು ಹೊತ್ತು ತರುತ್ತಿದ್ದ ಅದೇ ಒಂದೂವರೆ ಆಣೆಯ ಚೀಟಿ ಈ ವಿಷವನ್ನೂ ಹೊತ್ತು ತಂದಿತು. ಅಂಚೆಯವನು ಅದನ್ನೂ ಅಷ್ಟೇ ನಿಷ್ಠೆಯಿಂದ ಮುಟ್ಟಿಸಿದ.

ಅದೇ ತಿಂಗಳ 30ರಂದು ಗಾಂಧೀಜಿ ಹತರಾದರು. ಆಗಸ್ಟ್ 15ರಂದು ಬಂದ, ‘ಬಾಪು’ ಎಂದು ನಾಗರಿಯಲ್ಲಿಯೂ ಉರ್ದುವಿನಲ್ಲಿಯೂ ಬರೆದ ಆ ನಾಲ್ಕು ಚೀಟಿಗಳು ಸುಂದರವಾದವು. ಸ್ವದೇಶಿಯ ಪ್ರವಾದಿಯ ಚಿತ್ರವನ್ನು ಸ್ವಿಟ್ಜರ್ಲೆಂಡಿನಲ್ಲಿ ಅಚ್ಚುಹಾಕಿಸಬಾರದಿತ್ತೆಂದು ನನಗೆ ಇಂದಿಗೂ ಅನ್ನಿಸುತ್ತದೆ. ನಾಸಿಕದ ಒರಟು ಅಚ್ಚಿನಲ್ಲಿದ್ದರೂ ಜನ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಮುಂಬಯಿಯ ದೊಡ್ಡ ಅಂಚೆಕಚೇರಿಯ ಮುಂದೆ ನಿಂತ ಕನ್ನಡಿಗನಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಜಾನ್ ಬೆಗ್ ಎಂಬ ಶಿಲ್ಪಿ ರೂಪಿಸಿ 1913ರಲ್ಲಿ ಪೂರ್ಣಗೊಂಡ ಆ ಭವನದ ನೆತ್ತಿಯ ಮೇಲಿರುವುದು ನಮ್ಮ ಬಿಜಾಪುರದ ಗೋಳಗುಮ್ಮಟವನ್ನು ನೋಡಿ ಕಲ್ಪಿಸಿದ ಗುಮ್ಮಟ. ಧಾರವಾಡದ ಕಡೆಯವರು ‘ಟಪಾಲು’ ಎನ್ನುವ, ಮೈಸೂರಿನವರು ‘ಅಂಚೆ’ ಎನ್ನುವ, ನಮ್ಮವರು ಬರಿಯ ‘ಕಾಗದ’ ಎನ್ನುವ ಎಲ್ಲವೂ ಅದರ ಕೆಳಗೆ ಬಂದು ರಾಶಿಯಾಗಿ, ವಿಂಗಡವಾಗಿ ಮಲಾಡಿನ ರೈಲು ಹತ್ತುತ್ತಿತ್ತು. 1949ರ ಆಗಸ್ಟ್ 15ರಂದು ದೊರೆಯ ತಲೆಯ ಬದಲಿಗೆ ದೇಶದ ಪ್ರಾಚೀನ ಶಿಲ್ಪಗಳನ್ನುಳ್ಳ ಹದಿನಾರು ಚೀಟಿಗಳ ಮಾಲಿಕೆ ಬಂದಾಗ, ಒಂಬತ್ತು ಪೈಯ ಚೀಟಿಯಲ್ಲಿ ಮುಂಬಯಿಯ ಎಲಿಫೆಂಟಾದ ತ್ರಿಮೂರ್ತಿಯೂ ಆರಾಣೆಯ ಚೀಟಿಯಲ್ಲಿ ಸಾಕ್ಷಾತ್ ಗೋಳಗುಮ್ಮಟವೂ ಇದ್ದವು. ಆರಾಣೆಯ ಚೀಟಿಯನ್ನು ಕೊಳ್ಳುವ ಅಗತ್ಯ ದೊಡ್ಡಪ್ಪನಂಥವರಿಗೆ ಒದಗುತ್ತಿರಲಿಲ್ಲ. ಆದರೂ ತಂತಿಯ ಮೇಲ್ಭಾಗದ ಒಂದು ಲಕೋಟೆಯೊಳಗೆ ಮುದ್ರೆ ಬೀಳದ ಅಂಥ ಚೀಟಿಯೊಂದು ಇದೆ. ಜೊತೆಯಲ್ಲಿ ನನ್ನ ತಂದೆಗೆ, ಆಗ ಶಾಲೆಗೆ ಹೋಗುತ್ತಿದ್ದ ತಮ್ಮನಿಗೆ, ‘ಚಿರಂಜೀವಿ, ಇದನ್ನು ಅಂಟಿಸಬೇಡ, ಇಟ್ಟುಕೊ’ ಎಂಬ ಸಾಲು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ಅದುವರೆಗೂ ಮುಂಬಯಿ ರಾಜ್ಯದಲ್ಲಿದ್ದ ಬಿಜಾಪುರ ಧಾರವಾಡಗಳೂ, ಮದರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡವೂ ಮೈಸೂರು ರಾಜ್ಯದಲ್ಲಿ ಒಂದಾದವು. ಕಾಸರಗೋಡು ಒಂದಾಗದೆ ಕೇರಳಕ್ಕೆ ಹೋಯಿತು. 1957ರ ಆದಿಯಲ್ಲಿ ಮಲಾಡು ಬೃಹನ್ಮುಂಬಯಿಗೆ ಸೇರಿತು. ಏಪ್ರಿಲ್ 1ರಿಂದ ಆಣೆ ಪೈಗಳು ಹೋಗಿ ನಯಾ ಪೈಸೆ ಬಂತು. ಹೊಸ ಚೀಟಿಯ ಮೇಲೆ ಭಾರತದ ನಕ್ಷೆ. ಹೀಗೆ ಅರ್ಧ ವರ್ಷದೊಳಗೆ ಬರೆಯುವವನ ಊರೂ ಓದುವವನ ರಾಜ್ಯವೂ ನಡುವೆ ಅಂಟಿಸುವ ಚೀಟಿಯ ನಾಣ್ಯವೂ ಬದಲಾದವು. ತಂತಿಯ ತುದಿಗೆ ಕೊನೆಯದಾಗಿ ಏರಿದ ಕಾಗದದ ಮೇಲೆ ನಕ್ಷೆಯ ಚೀಟಿಯಿದೆ. ವಿಳಾಸದಲ್ಲಿ ದೊಡ್ಡಪ್ಪ ಅಭ್ಯಾಸಬಲದಿಂದ ‘ಮದರಾಸು’ ಎಂದು ಬರೆದು, ಅದನ್ನು ಒಂದು ಗೆರೆಯಿಂದ ಹೊಡೆದು, ಮೇಲೆ ‘ಮೈಸೂರು ರಾಜ್ಯ’ವೆಂದು ತಿದ್ದಿದ್ದಾರೆ, ಒಳಗೆ ಉಭಯ ಕುಶಲೋಪರಿ ಸಾಂಪ್ರತ.